ಇಪ್ಪತ್ತು ಹುಡುಗರು, ಎರಡು ಮೀಟರ್ ರಾಡ್

ಕಲಬುರಗಿಯಲ್ಲಿ ಟರ್ನರ್ ಟ್ರೇಡಿನ ಹುಡುಗರಿಗೆ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕೊರೆಯುವ ಯಂತ್ರ) ಕಲಿಸುತ್ತೇನೆ. ಮೊದಲೆಲ್ಲಾ ಪ್ಲೇನ್ ಟರ್ನಿಂಗ್‌ಗೆ (ಉದ್ದಕ್ಕೂ ಒಂದೇ ವ್ಯಾಸ) ಒಂದು ತುಂಡು, ಸ್ಟೆಪ್‌ಗೆ (ಮೆಟ್ಟಿಲಂತೆ ಇಳಿಯುವ ವ್ಯಾಸ) ಒಂದು, ಥ್ರೆಡ್‌ಗೆ (ಸ್ಕ್ರೂವಿನ ಸುರುಳಿ) ಒಂದು, ಟೇಪರ್‌ಗೆ (ತುದಿಗೆ ಹೋದಂತೆ ಸಪೂರ) ಇನ್ನೊಂದು ಕೊಡುತ್ತಿದ್ದೆ. ಮೂಲೆಯಲ್ಲಿ ಗುಜರಿ ರಾಶಿ ಬೆಳೆಯುತ್ತಿತ್ತು. ಹುಡುಗರ ಕೈ ಇನ್ನೂ ಕೂತಿಲ್ಲ, ಅದಕ್ಕೇ ಇಷ್ಟು ಹಾಳು ಅಂದುಕೊಂಡಿದ್ದೆ.

ಒಂದು ದಿನ ಲೆಕ್ಕ ಹಾಕಿದೆ. ನಮ್ಮದು 32 ಎಂಎಂ ವ್ಯಾಸದ ಎಂಎಸ್ (ಮೈಲ್ಡ್ ಸ್ಟೀಲ್, ಮೆದು ಉಕ್ಕು) ರಾಡ್. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿನ ತೂಕ ಸಿಗುತ್ತದೆ, ಸುಮಾರು 6.3 ಕೆಜಿ. 75 ಎಂಎಂ ತುಂಡು, ನಾಲ್ಕು ಜಾಬು, 20 ಹುಡುಗರು. 6 ಮೀಟರ್, ಹತ್ತಿರ ಹತ್ತಿರ 38 ಕೆಜಿ! ಒಬ್ಬನೂ ತಪ್ಪು ಮಾಡದಿದ್ದರೂ ಇಷ್ಟು ಬೇಕೇ ಬೇಕು. ತಪ್ಪು ನನ್ನ ಪ್ಲಾನಿನಲ್ಲೇ ಇತ್ತು.

ಈಗ ಒಬ್ಬನಿಗೆ 100 ಎಂಎಂನ ಒಂದೇ ತುಂಡು. ಗರಗಸ ತಿನ್ನುವ ಎರಡೆರಡು ಎಂಎಂ ಸೇರಿಸಿದರೂ 13 ಕೆಜಿ ದಾಟುವುದಿಲ್ಲ. ಮೊದಲು 30ಕ್ಕೆ ಪ್ಲೇನ್ ಟರ್ನಿಂಗ್. ಅದರ ಮೇಲೇ 24 ಮತ್ತು 20ರ ಸ್ಟೆಪ್. 20ರ ಮೇಲೆ ಎಂ20, ಅಂದರೆ 20 ಎಂಎಂ ವ್ಯಾಸದ ಥ್ರೆಡ್. ಆಮೇಲೆ ಜಾಬ್ ತಿರುಗಿಸಿ, 24ರ ಸ್ಟೆಪ್‌ಗೆ ಅಲ್ಯೂಮಿನಿಯಂ ಶೀಟ್ ಸುತ್ತಿ ಚಕ್‌ಗೆ (ಜಾಬ್ ಹಿಡಿದು ತಿರುಗಿಸುವ ಭಾಗ) ಕಟ್ಟಿ, ಆ ಕಡೆ ಟೇಪರ್. ಒಂದು ಎಚ್ಚರ ಮಾತ್ರ ಬೇಕು. ಮುಂದಿನ ಕೆಲಸ ಹಿಂದಿನದನ್ನು ಅಳಿಸಿಬಿಡುತ್ತದೆ ಅಲ್ವಾ, ಹಾಗಾಗಿ ಪ್ರತಿ ಹಂತದಲ್ಲೂ ಅಳತೆ ನೋಡಿ ಅಂಕ ಬರೆದುಕೊಂಡೇ ಮುಂದಕ್ಕೆ ಬಿಡುತ್ತೇನೆ.

ತುಂಡು ಮಧ್ಯದಲ್ಲಿ ಕೆಟ್ಟರೆ? ಹೋದ ಬ್ಯಾಚಿನಲ್ಲಿ ಒಬ್ಬ 22ರಿಂದ 20ಕ್ಕೆ ತರಬೇಕಿತ್ತು. ಅಳುಮುಖ ಮಾಡಿಕೊಂಡು ಬಂದ. "ಎರಡೇ ಎಂಎಂ ಕೊಟ್ಟೀನ್ರಿ ಸರ್, ನಾಲ್ಕು ಹೋಗ್ಯಾದ್ರಿ." ನಮ್ಮ ಲೇತಿನ ಡಯಲ್‌ನಲ್ಲಿ ಒಂದು ಎಂಎಂ ಕೊಟ್ಟರೆ ವ್ಯಾಸದಲ್ಲಿ ಎರಡು ಹೋಗುತ್ತದೆ. ಹೊಸಬರು ಜಾಸ್ತಿ ಎಡವುವುದು ಇಲ್ಲೇ. ಅವತ್ತಿನಿಂದ ಫೈನಲ್ ಕಟ್‌ಗೆ ಮೊದಲು ಮೂರು ಎಂಎಂ ಉದ್ದ ಮಾತ್ರ ಕೊರೆದು, ಮಷೀನ್ ನಿಲ್ಲಿಸಿ, ವರ್ನಿಯರ್ ಹಿಡಿದು ನೋಡಿಸುತ್ತೇನೆ. ಸರಿ ಇದ್ದರೆ ಮಾತ್ರ ಆಟೋ ಫೀಡ್.

ಅವನ ತುಂಡನ್ನು ಎಸೆಯಲು ಬಿಡಲಿಲ್ಲ. ಡ್ರಾಯಿಂಗ್‌ನಲ್ಲಿ ಎಂ20 ಹೊಡೆದು ಎಂ18 ಬರೆದುಕೊಟ್ಟೆ. ಎರಡಕ್ಕೂ ಪಿಚ್ (ಥ್ರೆಡ್‌ನ ಒಂದು ಸುತ್ತಿನಿಂದ ಇನ್ನೊಂದಕ್ಕಿರುವ ದೂರ) 2.5 ಎಂಎಂ, ಗೇರ್ ಕೂಡ ಬದಲಿಸಬೇಕಿಲ್ಲ. ಸಂಜೆಯೊಳಗೆ ಥ್ರೆಡ್ ಹಾಕಿ, ನಟ್ ತಿರುಗಿಸಿ ತೋರಿಸಿದ.