ಹುತ್ತದ ಪಕ್ಕದ ಪುಟ್ಟ ಅಣಬೆ: ನಾನು ಗುರುತು ಹಿಡಿದದ್ದು ಹೀಗೆ

ದೇವರಾಯನದುರ್ಗದ ತಪ್ಪಲಲ್ಲಿ, ಊರ್ಡಿಗೆರೆ ಕಡೆಯ ಹೊಲದ ಬದುಗಳಲ್ಲಿ, ನಾಲ್ಕು ಹನಿ ಜೋರಾಗಿ ಬಿದ್ದರೆ ಸಾಕು, ಹುತ್ತದ ಸುತ್ತ ಮಂಡಕ್ಕಿ ಚೆಲ್ಲಿದ ಹಾಗೆ ಅಣಬೆ ಏಳುತ್ತವೆ. ಒಂದೆರಡಲ್ಲ, ನೂರಾರು. ಕೊಡೆ ಎರಡು ಸೆಂಟಿಮೀಟರ್ ದಾಟುವುದು ಅಪರೂಪ. ಬಿಳಿ ಬಣ್ಣ, ನಡುವೆ ಸಣ್ಣ ಮೊನೆ. ಅರಳಿದ ಮೇಲೆ ಅಂಚು ಸೀಳುತ್ತದೆ. ತಿರುಗಿಸಿ ನೋಡಿದರೆ ಕಿವಿರುಗಳು, ಅಂದರೆ ಕೊಡೆಯ ಅಡಿಯ ತೆಳು ಪದರಗಳು, ಒತ್ತೊತ್ತಾಗಿವೆ, ಆದರೆ ದಂಟಿಗೆ ಅಂಟಿಲ್ಲ. ದಂಟಿನ ಮೇಲೆ ಬಳೆ ಇಲ್ಲ, ಬುಡದಲ್ಲಿ ಚೀಲವೂ ಇಲ್ಲ.

ನನಗೆ ತಲೆ ಕೆಡಿಸಿದ್ದು ಬೇರು. ದೊಡ್ಡ ಹುತ್ತದಣಬೆ ಕಿತ್ತವರಿಗೆ ಗೊತ್ತು, ಅದರ ಬುಡ ಉದ್ದವಾಗಿ ಗೆದ್ದಲ ಗೂಡಿನ ತನಕ ಇಳಿದಿರುತ್ತದೆ. ಇದು ಸುಮ್ನೆ ಚಿವುಟಿದರೆ ಕೈಗೆ ಬರುತ್ತದೆ. ಚಾಕುವಿನ ತುದಿಯಲ್ಲಿ ಮೇಲ್ಮಣ್ಣು ಕೆರೆದೆ. ಕಂದು ಬಣ್ಣದ ಸಣ್ಣ ಉಂಡೆಗಳು ಸಿಕ್ಕವು, ಬೆರಳಲ್ಲಿ ಒತ್ತಿದರೆ ಪುಡಿಯಾದವು. ಆಗ ತಿಳಿಯಿತು. ಗೆದ್ದಲು ಸೊಪ್ಪು, ಕಟ್ಟಿಗೆ ಅಗಿದು ನೆಲದೊಳಗೆ ಶಿಲೀಂಧ್ರದ ತೋಟ ಮಾಡುತ್ತವೆ ಅಲ್ವಾ, ಮಳೆ ಬಂದಾಗ ಅದರ ಚೂರುಗಳನ್ನು ಹೊತ್ತು ತಂದು ಮೇಲೆ ಹರಡುತ್ತವೆ. ಈ ಅಣಬೆ ಹುಟ್ಟುವುದು ಆ ಚೂರುಗಳಿಂದಲೇ. ಹಾಗಾಗಿ ಹುತ್ತ ಕಾಣದ ಕಡೆ ಎದ್ದರೂ ಆಶ್ಚರ್ಯವಿಲ್ಲ, ಗೂಡು ನೆಲದಡಿಯಲ್ಲಿ ಇರುತ್ತದೆ. ಮೇಕೆ ಮೇಯಿಸುತ್ತಿದ್ದ ಅಜ್ಜಿಯ ಲೆಕ್ಕ ಬೇರೆ: "ಗುಡುಗು ಹೊಡೆದ್ರೆ ಏಳ್ತವೆ ಕಣಪ್ಪ."

ಇದೇ ತರ ಹಿಂಡು ಏಳುವ ಇನ್ನೊಂದಿದೆ, ಕಾಪ್ರಿನೆಲಸ್ ಡಿಸೆಮಿನೇಟಸ್. ಅದು ಕೊಳೆತ ಮರದ ಬುಡದಲ್ಲಿ ಜಾಸ್ತಿ. ಕೊಡೆಯ ಮೇಲೆ ಗೆರೆಗಳು, ಕಿವಿರು ಬರುಬರುತ್ತ ಕಪ್ಪಾಗುತ್ತದೆ. ಅನುಮಾನ ಇರಬಾರದು ಅಂತ ರಾತ್ರಿ ಅರ್ಧ ಬಿಳಿ, ಅರ್ಧ ಕಪ್ಪು ಕಾಗದದ ಮೇಲೆ ಕಿವಿರು ಕೆಳಗೆ ಬರುವಂತೆ ಕೊಡೆ ಇಟ್ಟು ಲೋಟ ಬೋರಲು ಹಾಕಿದೆ. ಬೆಳಗ್ಗೆ ಕಾಗದದ ಮೇಲೆ ಅಣಬೆಯ ಬೀಜಕಣಗಳ ಪುಡಿ, ತಿಳಿ ಗುಲಾಬಿ, ಕಪ್ಪಲ್ಲ. ಟರ್ಮಿಟೋಮೈಸಿಸ್ ಮೈಕ್ರೋಕಾರ್ಪಸ್ ಎಂದು ಬರೆದುಕೊಂಡೆ. ಟರ್ಮಿಟೋಮೈಸಿಸ್ ಎನ್ನುವುದು 1942ರಲ್ಲಿ ಫ್ರಾನ್ಸಿನ ಶಿಲೀಂಧ್ರ ತಜ್ಞ ರೋಜರ್ ಹೈಮ್ ಕಟ್ಟಿದ ಕುಲ, ಅಂದರೆ ಹತ್ತಿರದ ಜಾತಿಗಳ ಗುಂಪು.

ಬಣ್ಣವೊಂದನ್ನೇ ನಂಬಬೇಡಿ. ವಿಷವಿರುವ ಎಂಟೊಲೋಮಾ ಜಾತಿಗಳೂ ಗುಲಾಬಿ ಪುಡಿಯನ್ನೇ ಉದುರಿಸುತ್ತವೆ, ಅವುಗಳ ಕಿವಿರು ಸಾಮಾನ್ಯವಾಗಿ ದಂಟಿಗೆ ಅಂಟಿರುತ್ತದೆ. ಫೋಟೋ ಕಳಿಸಿ "ಸಾರು ಮಾಡಬಹುದಾ" ಅಂತ ಕೇಳುವವರಿಗೆ ನಾನು ಹೂಂ ಅನ್ನುವುದಿಲ್ಲ. ಫೋಟೋದಲ್ಲಿ ಮಣ್ಣಿನೊಳಗಿನ ಉಂಡೆ ಕಾಣಲ್ಲ.