ಮೈಸೂರಲ್ಲಿ ಕೂತು ಪೀಣ್ಯದ ಕರ್ನಲ್ ಡೀಬಗ್ ಮಾಡಿದ್ದು

"ಪ್ರಿಂಟ್ ಹಾಕ್ಕೊಂಡು ನೋಡು ಗುರು, ಸಾಕು" ಅಂತ ನನ್ನ ಪಾಲುದಾರ ಮೊದಲ ದಿನವೇ ಹೇಳಿದ್ದ; ಡೀಬಗ್ ಮಾಡಲು, ಅಂದರೆ ದೋಷ ಹುಡುಕಲು, ಕೋಡಿನ ನಡುನಡುವೆ ಸಂದೇಶ ಮೂಡಿಸಿ ನೋಡಿದರೆ ಸಾಕು ಅಂತ. ಪೀಣ್ಯದ ಒಂದು ಕಾರ್ಖಾನೆಗೆ ಮೆಷಿನ್ ಕಂಟ್ರೋಲರ್ ಮಾಡಿಕೊಡುತ್ತಿದ್ದೆವು. ಒಳಗೆ ಓಡುವುದು ನಾನೇ ಬರೆದ 32 ಬಿಟ್ ಕರ್ನಲ್, ಅಂದರೆ ಯಂತ್ರದ ಎಲ್ಲ ಕೆಲಸ ನೋಡಿಕೊಳ್ಳುವ ಮೂಲ ಪ್ರೋಗ್ರಾಂ. ಕಂಪ್ಯೂಟರನ್ನೇ ಅನುಕರಿಸುವ ಕ್ಯೂಎಮು ಪ್ರೋಗ್ರಾಂನಲ್ಲಿ ಇಡೀ ದಿನ ಓಡುತ್ತಿದ್ದದ್ದು ನಿಜವಾದ ಬೋರ್ಡಿನ ಮೇಲೆ ಮುಕ್ಕಾಲು ಗಂಟೆಗೆಲ್ಲ ಮಲಗಿಬಿಡುತ್ತಿತ್ತು. ನಾನಿರುವುದು ಮೈಸೂರಿನಲ್ಲಿ. ಒಂದು ಸಲ ಹೋಗಿಬಂದರೆ ಬಸ್ಸು, ಆಟೋ, ಊಟ ಸೇರಿ ಸಾವಿರದ ಮೇಲೆ. ನಾನು ಹೋದ ದಿನ ಅದು ಕೆಡುತ್ತಲೂ ಇರಲಿಲ್ಲ.

ಹಾರ್ಡ್‌ವೇರ್ ಡೀಬಗರ್‌ಗೆ ಕೊಟೇಷನ್ ತರಿಸಿದೆ, ಲಕ್ಷದ ಮಾತು. ಎಕ್ಸೆಪ್ಷನ್ (ಪ್ರೊಸೆಸರ್ ಕೊಡುವ ತುರ್ತು ಸೂಚನೆ) ನಂಬರಿನಷ್ಟು ಸಲ ಸ್ಪೀಕರ್ ಬೀಪ್ ಮಾಡುವ ಹಾಗೆ ಬರೆದೆ. ಫೋನಿನಲ್ಲಿ ಒಬ್ಬ ಹುಡುಗ 13 ಅಂದ, ಪಕ್ಕದವನು 14 ಅಂದ. 13 ಅಂದರೆ ರಕ್ಷಣೆಯ ನಿಯಮ ಮುರಿದದ್ದು, 14 ಅಂದರೆ ಮೆಮೊರಿ ಪುಟದ ತಪ್ಪು; ಎರಡೂ ಬೇರೆ ಬೇರೆ, ಕೈಬಿಟ್ಟೆ.

ಉಳಿದದ್ದು ಜಿಡಿಬಿ ಸ್ಟಬ್: ಜಿಡಿಬಿ ಅನ್ನೋ ಡೀಬಗರ್ ದೂರದಿಂದ ಕೇಳಿದ್ದಕ್ಕೆ ಉತ್ತರ ಕೊಡಲು ಕರ್ನಲ್ ಒಳಗೆ ಕೂರಿಸುವ ಪುಟ್ಟ ಕೋಡು. ಅವಸರದಲ್ಲಿ ತಪ್ಪು ಮಾಡಿದೆ: ಲಿನಕ್ಸ್‌ನ ಡೀಬಗ್ ಕೋಡಾದ ಕೆಜಿಡಿಬಿಯಿಂದ ಮುನ್ನೂರು ಸಾಲಿನಷ್ಟು ಎತ್ತಿ ನನ್ನ ಕರ್ನಲ್‌ಗೆ ಅಂಟಿಸಿದೆ. ಅದರ ಪರವಾನಗಿ ಜಿಪಿಎಲ್ 2, ಅಂದರೆ ಆ ಕೋಡು ಸೇರಿಸಿ ಮಾರಿದರೆ ಸೋರ್ಸ್ (ಮೂಲ ಕೋಡು) ಕೂಡ ಕೊಡಬೇಕು. ನಮ್ಮದೋ ಸೋರ್ಸ್ ಕೊಡದೆ ಮಾರುವ ಮಾಲು. ಗಿರಾಕಿಯ ವಕೀಲರು ಕೋಡ್ ಪರಿಶೀಲಿಸಬೇಕು ಅಂದಾಗಲೇ ಬೆವರಿದ್ದು. "ಜಿಡಿಬಿ ಮುಟ್ಟಿದರೆ ಕರ್ನಲ್ ಪೂರ್ತಿ ತೆರೆದಿಡಬೇಕು" ಅಂತ ಗೆಳೆಯರು ಹೆದರಿಸಿದರು. ನಮ್ಮ ಕಡೆಯಿಂದ ಒಬ್ಬ ವಕೀಲರನ್ನು ಹಿಡಿದೆವು, ಇಪ್ಪತ್ತು ಸಾವಿರದ ಆಸುಪಾಸು ಹೋಯಿತು. ಜಿಡಿಬಿ ತಂತಿಯ ಈಚೆ ನನ್ನ ಲ್ಯಾಪ್‌ಟಾಪಿನಲ್ಲಿರುವ ಬೇರೆ ಪ್ರೋಗ್ರಾಂ. ಅದರ ಜೊತೆ ಪ್ಯಾಕೆಟ್ಟಿನಲ್ಲಿ ಮಾತಾಡಿದ ಮಾತ್ರಕ್ಕೆ ಕರ್ನಲ್‌ಗೆ ಜಿಪಿಎಲ್ ತಗಲುವುದಿಲ್ಲ, ತಂತಿಯ ಆಚೆ ಸೇರಿಸಿದ ಕೋಡಿನದೇ ತಕರಾರು ಅಂದರು. ಕದ್ದದ್ದೆಲ್ಲ ಕಿತ್ತೆಸೆದು, ಜಿಡಿಬಿ ಸೋರ್ಸ್ ಜೊತೆಗೇ ಬರುವ ಹಳೆಯ ಐ386 (ಇಂಟೆಲ್ ಪ್ರೊಸೆಸರಿನ) ಸ್ಟಬ್ ಹಿಡಿದೆ. ಎಚ್‌ಪಿ ಕಂಪನಿ ಅದನ್ನು ಪಬ್ಲಿಕ್ ಡೊಮೇನ್‌ಗೆ (ಯಾರು ಬೇಕಾದರೂ ಬಳಸುವ ಹಾಗೆ) ಬಿಟ್ಟಿದೆ ಅಂತ ಫೈಲಿನ ತಲೆಯಲ್ಲೇ ಬರೆದಿದೆ. ಜಿಸಿಸಿ ಕಂಪೈಲರ್ ಜೊತೆ ಬರುವ ಲಿಬ್‌ಜಿಸಿಸಿ ಲೈಬ್ರರಿ ಮೇಲೂ ಪ್ರಶ್ನೆ ಬಂತು, 64 ಬಿಟ್ ಭಾಗಾಕಾರಕ್ಕೆ ಅದು ಒಳಗೆ ಬಂದು ಕೂತಿತ್ತು. ಅದಕ್ಕೆ ರನ್‌ಟೈಮ್ ವಿನಾಯಿತಿ (ಜೊತೆ ಸೇರಿದ ನಮ್ಮ ಕೋಡಿಗೆ ಜಿಪಿಎಲ್ ತಗಲದು ಅನ್ನೋ ರಿಯಾಯಿತಿ) ಇರುವುದರಿಂದ ಬಚಾವ್.

ಇನ್ನು ಕೇಬಲ್ ಪುರಾಣ. ಬೆಂಗಳೂರಿನ ಎಸ್‌ಪಿ ರೋಡಿನ ರೂ. 250ರ ಯುಎಸ್‌ಬಿ ಸೀರಿಯಲ್ ಕೇಬಲ್ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಬೈಟು ನುಂಗುತ್ತಿತ್ತು. ಮೂರು ಕೇಬಲ್ ಎಸೆದ ಮೇಲೆ ಬುದ್ಧಿ ಬಂದು ರೂ. 1,200 ಕೊಟ್ಟೆ. ಕಾರ್ಖಾನೆಯಲ್ಲಿ ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್), ಅಲ್ಲಿಂದ ನನ್ನ ಲ್ಯಾಪ್‌ಟಾಪಿಗೆ ಎಸ್‌ಎಸ್‌ಎಚ್ ಸುರಂಗ (ನೆಟ್ ಮೂಲಕ ಭದ್ರ ಸಂಪರ್ಕ). ಡಾಲರ್, ಜಿ, ಹ್ಯಾಶ್, 67 ಅಂತ ರಿಜಿಸ್ಟರ್ (ಪ್ರೊಸೆಸರ್ ಒಳಗಿನ ಸಂಖ್ಯೆಗಳು) ಕೇಳಿದರೆ 128 ಹೆಕ್ಸ್ ಅಕ್ಷರ ವಾಪಸ್ ಬರಬೇಕು. ಬಂತು, ಆದರೆ ಇಐಪಿ (ಮುಂದೆ ಓಡಬೇಕಾದ ಆದೇಶದ ವಿಳಾಸ) ಜಾಗದಲ್ಲಿ ಬರೀ 8! ಎರಡು ರಾತ್ರಿ ಹಾಳು. ಬ್ರೇಕ್‌ಪಾಯಿಂಟ್ ಎಕ್ಸೆಪ್ಷನ್‌ಗೆ ಎರರ್ ಕೋಡ್ ಇರುವುದಿಲ್ಲ. ನಾನು ಇದೆ ಅಂತ ನಾಲ್ಕು ಬೈಟು ದಾಟಿ, ಪಕ್ಕದ ಸಿಎಸ್ ಅನ್ನೋ ಬೇರೆ ರಿಜಿಸ್ಟರ್ ಓದುತ್ತಿದ್ದೆ. ಆಮೇಲೆ ಫ್ಯಾಕ್ಟರಿ ನೆಟ್ ನಿಧಾನವಾದಾಗಲೆಲ್ಲ ಜಿಡಿಬಿ ಎರಡು ಸೆಕೆಂಡ್ ಕಾದು ಮುನಿಸಿಕೊಳ್ಳುತ್ತಿತ್ತು. ಟೈಮ್‌ಔಟ್ ಏರಿಸಿ, ಸ್ಟಬ್‌ಗೆ ನೋ‑ಆ್ಯಕ್ ಮೋಡ್ (ಪ್ರತಿ ಪ್ಯಾಕೆಟ್ಟಿಗೂ ಮುಟ್ಟಿತು ಅಂತ ಹೇಳುವುದನ್ನು ಬಿಡುವುದು) ಸೇರಿಸಿದೆ. ಸ್ಟೆಪ್ ಮಾಡುವುದು ಹೆಚ್ಚುಕಮ್ಮಿ ಎರಡರಷ್ಟು ಚುರುಕಾಯಿತು.  

ಕೆಡುತ್ತಿದ್ದ ವೇರಿಯಬಲ್ ಮೇಲೆ ಪ್ರೊಸೆಸರಿನ ಡೀಬಗ್ ರಿಜಿಸ್ಟರ್ ಡಿಆರ್0ನಲ್ಲಿ ವಾಚ್‌ಪಾಯಿಂಟ್ (ಅಲ್ಲಿ ಬರೆದ ಕೂಡಲೇ ನಿಲ್ಲಿಸುವ ಕಾವಲು) ಇಟ್ಟು ಕಾಫಿಗೆ ಹೋದೆ. ಬಂದು ನೋಡಿದರೆ ಟೈಮರ್ ಇಂಟರಪ್ಟ್ (ಓಡುವ ಕೆಲಸ ತಡೆದು ಬರುವ ಕರೆ) ನೋಡಿಕೊಳ್ಳುವ ಹ್ಯಾಂಡ್ಲರ್ ಒಳಗೆ ನಿಂತಿದೆ, ಪ್ರೊಸೆಸರಿನ ಸ್ಥಿತಿ ತೋರಿಸುವ ಇಫ್ಲ್ಯಾಗ್ಸ್ ಸಾಲಿನಲ್ಲಿ ಡಿಎಫ್ ಅನ್ನೋ ಎರಡಕ್ಷರ, ಅಂದರೆ ಕಾಪಿ ಹಿಮ್ಮುಖವಾಗಿ ನಡೆಯಲಿ ಅನ್ನೋ ಗುರುತು. ಡ್ರೈವರ್ ಕೊನೆಯಿಂದ ಮೊದಲಿಗೆ ಕಾಪಿ ಮಾಡುತ್ತಿರುವಾಗ ಇಂಟರಪ್ಟ್ ಬಿದ್ದಿದೆ, ಹ್ಯಾಂಡ್ಲರಿನ ಕಾಪಿಯೂ ಹಿಮ್ಮುಖವಾಗಿ ಓಡಿ ಪಕ್ಕದ ಮೆಮೊರಿ ಮೇಲೆ ಬರೆದಿದೆ. ಜಿಸಿಸಿ 4.3ರಿಂದ ಕಂಪೈಲರ್ ತಾನಾಗಿ ಸಿಎಲ್‌ಡಿ (ಡಿಎಫ್ ಅಳಿಸುವ ಆದೇಶ) ಹಾಕುವುದಿಲ್ಲ. ಹ್ಯಾಂಡ್ಲರ್ ಬಾಗಿಲಲ್ಲಿ ಒಂದು ಸಿಎಲ್‌ಡಿ ಹಾಕಿದೆ, ಅಷ್ಟೇ. ಆಮೇಲೆ ಹನ್ನೊಂದು ದಿನ ನಿಲ್ಲದೆ ಓಡಿತು. ನಿಂತದ್ದೂ ಕರೆಂಟ್ ಹೋಗಿ.

ಪ್ರಿಂಟ್ ಸಾಕು ಅಂದವನೇ ಈಗ ಮಾರುವ ಬಿಲ್ಡಿನಲ್ಲೂ ಸ್ಟಬ್ ಇರಲಿ ಅನ್ನುತ್ತಾನೆ. ಇಟ್ಟಿದ್ದೇನೆ, ಬೋರ್ಡಿನ ಮೇಲೆ ಜಂಪರ್ (ಎರಡು ಪಿನ್ ಜೋಡಿಸುವ ತುಣುಕು) ಹಾಕಿದರೆ ಮಾತ್ರ ಏಳುತ್ತದೆ.