ಗಾಳಿಗೆ ಬಿಚ್ಚುವುದಿಲ್ಲ ಎಂದಿದ್ದರು

ಕಳೆದ ವಾರ ಪಕ್ಕದ ಶೆಡ್ಡಿನ ಗ್ರೈಂಡಿಂಗ್‌ನವರು ಬಂದು ನನ್ನ ಹಳೆಯ ಸಿಎನ್‌ಸಿ ಮಿಲ್ಲಿಂಗ್ ಯಂತ್ರದ ಟೂಲ್ ಬಿಚ್ಚುವ ಪೆಡಲನ್ನು ಒಂದೇ ಸಮನೆ ಹನ್ನೆರಡು ಸಲ ತುಳಿದು ನೋಡಿದರು. ಹನ್ನೆರಡು ಸಲವೂ ಬಿಟಿ 40 ಹೋಲ್ಡರ್, ಅಂದರೆ ಕಟರನ್ನು ತಿರುಗುವ ಸ್ಪಿಂಡಲ್‌ಗೆ ಸಿಕ್ಕಿಸುವ ಹಿಡಿಕೆ, ಠಪ್ಪೆಂದು ಕೈಗೆ ಬಂತು. ಆಮೇಲೆ ಬಗ್ಗಿ ಯಂತ್ರದ ಹಿಂದೆಲ್ಲ ಇಣುಕಿ, "ಎಲ್ಲೋ ಎಣ್ಣೆಯ ಪಂಪು ಅಡಗಿಸಿದ್ದೀರಿ ಬಿಡಿ" ಎಂದರು. ಅಡಗಿಸಿಲ್ಲ. ಇರುವುದು ಬರಿಯ ಗಾಳಿ. ಒಂದು ವರ್ಷ ಎರಡು ತಿಂಗಳು, ಎರಡು ಸಲ ಸುಟ್ಟ ಕೈ, ಒಂದು ಸಲ ಸುಟ್ಟ ಕಾರ್ಡು, ಇವೆಲ್ಲ ಆದಮೇಲೆ ಬಂದ ಗಾಳಿ. ಎಣ್ಣೆಯ ಪಂಪಿಲ್ಲದೆ ಬರಿಯ ಗಾಳಿಯ ಒತ್ತಡಕ್ಕೆ ಟೂಲ್ ಬಿಚ್ಚುವುದಿಲ್ಲ ಎಂದು ಹೇಳಿದವರೇ ಪೀಣ್ಯದಲ್ಲಿ ಹೆಚ್ಚು ಇದ್ದುದರಿಂದ ಇದನ್ನು ಬರೆಯುತ್ತಿದ್ದೇನೆ.

ಯಂತ್ರ ಎಂಬತ್ತರ ದಶಕದ ಕೊನೆಯದು, ಜಪಾನಿನದು. ಹೆಸರು ಬೇಡ. ಮುಚ್ಚಿಹೋದ ಕಾರ್ಖಾನೆಯೊಂದರ ಹರಾಜಿನಲ್ಲಿ 2.10 ಲಕ್ಷಕ್ಕೆ ಬಂತು. ಕ್ರೇನು, ಲಾರಿ, ಶೆಡ್ಡಿನ ಬಾಗಿಲಿನ ಚೌಕಟ್ಟು ಕಿತ್ತು ಮತ್ತೆ ಕೂರಿಸಿದ್ದು ಎಲ್ಲ ಸೇರಿ ಇನ್ನೊಂದು 22 ಸಾವಿರ. ಎರಕ ಮಾತ್ರ ಚಿನ್ನ. ಸ್ಲೈಡ್‌ಗಳ ಮೇಲೆ ಸ್ಕ್ರೇಪಿಂಗ್ ಗುರುತು ಇನ್ನೂ ಕಾಣುತ್ತಿತ್ತು, ಡಯಲ್ ಇಟ್ಟು ನೋಡಿದರೆ 400 ಮಿಮೀ ಓಟಕ್ಕೆ ಹತ್ತು ಮೈಕ್ರಾನ್ (ಮಿಮೀಯ ಸಾವಿರದ ಒಂದು ಪಾಲು) ಕೂಡ ಏರುತ್ತಿರಲಿಲ್ಲ. ಆದರೆ ಕಂಟ್ರೋಲರ್‌ನ ಬ್ಯಾಟರಿ ಯಾವ ಕಾಲಕ್ಕೋ ಸತ್ತು ಪ್ಯಾರಾಮೀಟರ್‌ಗಳೆಲ್ಲ ಅಳಿಸಿಹೋಗಿದ್ದವು, ಮೋಟರ್‌ಗಳಿಗೆ ಕರೆಂಟು ಕೊಡುವ ಡ್ರೈವ್‌ಗಳಲ್ಲಿ ಎರಡು ಸುಟ್ಟಿದ್ದವು, ಟೂಲ್ ಬಿಚ್ಚುವ ಹೈಡ್ರಾಲಿಕ್ ಪವರ್‌ಪ್ಯಾಕ್ (ಎಣ್ಣೆಯ ಪಂಪು) ವಾರಕ್ಕೆ ಎರಡು ಲೀಟರ್ ಎಣ್ಣೆಯನ್ನು ಕೂಲೆಂಟ್ ತೊಟ್ಟಿಗೆ ದಾನ ಮಾಡುತ್ತಿತ್ತು.

ಇಬ್ಬರನ್ನು ಕರೆಸಿ ದರ ಕೇಳಿದೆ. ಒಬ್ಬರು 11 ಲಕ್ಷ ಎಂದರು: ಮೋಟರ್, ಡ್ರೈವ್, ಕಂಟ್ರೋಲ್ ಎಲ್ಲ ಹೊಸತು. ಇನ್ನೊಬ್ಬರು ಯಂತ್ರದ ಸುತ್ತ ಒಂದು ಸುತ್ತು ಹಾಕಿ, ಗುಜರಿಗೆ ಕೆಜಿ ಲೆಕ್ಕದಲ್ಲಿ ಎಷ್ಟು ಬರುತ್ತದೆ ಎಂದು ನನಗೇ ಲೆಕ್ಕ ಹೇಳಿ ಹೋದರು. ಆ ಸಿಟ್ಟಿನಲ್ಲಿಯೇ ಕೆಲಸ ಶುರುವಾಯಿತು ಎಂದರೂ ತಪ್ಪಿಲ್ಲ.

ಹಳೆಯ ಡಿಸಿ ಸರ್ವೋ ಮೋಟರ್‌ಗಳನ್ನು ಎಸೆಯುವುದಿಲ್ಲ ಎಂಬುದು ನನ್ನ ಮೊದಲ ಹಟ. ರಿವೈಂಡಿಂಗ್ ಅಂಗಡಿಯವರಿಂದ ಕಮ್ಯುಟೇಟರ್‌ಗೆ ಒಂದು ಹದವಾದ ಸ್ಕಿಮ್ ಹಾಕಿಸಿ, ಮೈಕಾ ತಗ್ಗಿಸಿ, ಬ್ರಷ್ ಬದಲಿಸಿದೆ. ಮೂರು ಮೋಟರ್‌ಗೂ ಸೇರಿ 15 ಸಾವಿರ ದಾಟಲಿಲ್ಲ. ಸ್ಥಾನ ಅಳೆಯುವ ರಿಸಾಲ್ವರ್ ಕಿತ್ತು, ಅದೇ ಕೆಲಸಕ್ಕೆ 2,500 ಗೆರೆಯ ಎನ್‌ಕೋಡರ್ ಕೂರಿಸಿದೆ. ಸ್ಕ್ರೂ 10 ಮಿಮೀ ಪಿಚ್, ನೇರ ಜೋಡಣೆ, ಒಂದು ಗೆರೆಗೆ ನಾಲ್ಕು ಎಣಿಕೆ, ಆದ್ದರಿಂದ ಒಂದು ಎಣಿಕೆಗೆ ಒಂದು ಮೈಕ್ರಾನ್. ಲೆಕ್ಕ ತಾನಾಗಿಯೇ ಅಷ್ಟು ಅಚ್ಚುಕಟ್ಟಾಗಿ ಕೂಡಿದಾಗ ಯಂತ್ರವೇ ಒಪ್ಪಿಗೆ ಕೊಟ್ಟಂತೆ ಅನಿಸಿತು. ಡ್ರೈವ್ ತಲಾ 18 ಸಾವಿರ. ತಲೆಗೆ, ಅಂದರೆ ಕಂಟ್ರೋಲರ್ ಜಾಗಕ್ಕೆ, ಲಿನಕ್ಸ್‌ಸಿಎನ್‌ಸಿ ಎಂಬ ಸಾಫ್ಟ್‌ವೇರ್, ಡ್ರೈವ್‌ಗೆ ಹತ್ತು ವೋಲ್ಟ್ ಅನಲಾಗ್ ಸಂಕೇತ ಕೊಡುವ ಈಥರ್ನೆಟ್ ಮೇಸಾ ಕಾರ್ಡು, ಎಸ್.ಪಿ. ರಸ್ತೆಯಲ್ಲಿ 9 ಸಾವಿರಕ್ಕೆ ಸಿಕ್ಕ ಬಳಸಿದ ಕಂಪ್ಯೂಟರ್. "ಪುಕ್ಕಟೆ ಸಾಫ್ಟ್‌ವೇರ್ ನಂಬಿ ಸ್ಪಿಂಡಲ್ ತಿರುಗಿಸುತ್ತೀರಾ?" ಎಂದು ಕೇಳಿದವರಿಗೆ ಲೆಕ್ಕವಿಲ್ಲ. ಅದರ ಮೂಲ ಅಮೆರಿಕದ ಸರ್ಕಾರಿ ಅಳತೆ ಸಂಸ್ಥೆಯಲ್ಲಿ ತೊಂಬತ್ತರ ದಶಕದಲ್ಲಿ ಹುಟ್ಟಿದ್ದು ಎಂದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು.

ಕಾರ್ಡು ಸುಟ್ಟದ್ದು ನನ್ನದೇ ತಪ್ಪು. ರಾತ್ರಿ ಹನ್ನೊಂದಕ್ಕೆ, ಇನ್ನೊಂದೇ ತಂತಿ, ಮುಗಿಸಿಯೇ ಮನೆಗೆ ಹೋಗೋಣ ಎಂದು 24 ವೋಲ್ಟನ್ನು ಅನಲಾಗ್ ಕೊಂಡಿಗೆ ಸಿಕ್ಕಿಸಿದೆ. ಹೊಗೆ ಕೂಡ ಬರಲಿಲ್ಲ, ಒಂದು ದೀಪ ಆರಿತು ಅಷ್ಟೆ. 28 ಸಾವಿರ. ಹೊಸದು ಬರುವವರೆಗೆ ಮೂರು ವಾರ ಕಾಯ್ದೆ. ಅಂದಿನಿಂದ ರಾತ್ರಿ ಎಂಟರ ಮೇಲೆ ಪ್ಯಾನೆಲ್ ಬಾಗಿಲು ತೆರೆಯುವುದಿಲ್ಲ.

ಎಕ್ಸ್ ಅಕ್ಷ ಓಡಿಹೋದದ್ದು ಅದಕ್ಕಿಂತ ಕೆಟ್ಟದ್ದು. ಮೋಟರ್ ವೇಗ ತಿಳಿಸುವ ಟ್ಯಾಕೋ ತಂತಿ ಅದಲುಬದಲಾಗಿತ್ತು. ಎನೇಬಲ್ ಒತ್ತಿದ ಕ್ಷಣವೇ ಟೇಬಲ್ ಬಂಡಿಯ ಹಾಗೆ ಹೊರಟು ಕೊನೆಯ ಸ್ಟಾಪರ್‌ಗೆ ಗುದ್ದಿತು. ಕಪ್ಲಿಂಗ್ ಒಡೆಯಿತು, ಲಿಮಿಟ್ ಸ್ವಿಚ್ ಪುಡಿಯಾಯಿತು, ಟೇಬಲ್ ಮೇಲಿಟ್ಟಿದ್ದ ತಂಗಿಯ ಮಗನ ಊಟದ ಡಬ್ಬಿ ಗೋಡೆಗೆ ಹಾರಿತು. ಮೋಟರನ್ನು ಸ್ಕ್ರೂನಿಂದ ಬಿಡಿಸಿ ಮೊದಲು ಬರಿದೇ ತಿರುಗಿಸಿ ನೋಡಬೇಕು ಎಂದು ನನಗೆ ಗೊತ್ತಿರಲಿಲ್ಲವೆಂದಲ್ಲ. ನಾಲ್ಕು ಬೋಲ್ಟ್ ಬಿಚ್ಚುವ ಸೋಮಾರಿತನ.

ಇನ್ನು ಮೂರು ವಾರ ತಿಂದ ಸಂಗತಿ. ಯಂತ್ರ ಓಡತೊಡಗಿತು, ಆದರೆ ವೈ ಅಕ್ಷ ಗಂಟೆಗೆ ಇಪ್ಪತ್ತು ಮೈಕ್ರಾನ್ ಜಾರುತ್ತಿತ್ತು. ಸ್ಪಿಂಡಲ್ ವೇಗ ನಿಯಂತ್ರಿಸುವ ವಿಎಫ್‌ಡಿಯ ವಿದ್ಯುತ್ ಗದ್ದಲ ಎನ್‌ಕೋಡರ್ ತಂತಿಗೆ ಹೊಕ್ಕುತ್ತಿದೆ ಎಂದು ಎಲ್ಲರೂ ತೀರ್ಪು ಕೊಟ್ಟರು, ನಾನೂ ಒಪ್ಪಿದೆ. 9 ಸಾವಿರದ ಶೀಲ್ಡ್ ಕೇಬಲ್ ಎಳೆದೆ, ಶೀಲ್ಡನ್ನು ಒಂದೇ ಕೊನೆಗೆ ಕಟ್ಟಿದೆ, ಎರಡೂ ಕೊನೆಗೆ ಕಟ್ಟಿದೆ, ಅರ್ಥಿಂಗ್ ಗುಂಡಿ ಅಗೆಸಿ ಹೊಸ ಉಪ್ಪು, ಇದ್ದಿಲು ತುಂಬಿಸಿದೆ. ಜಾರುವುದು ಜಾರುತ್ತಲೇ ಇತ್ತು. ಕೊನೆಗೆ ತಂಗಿಯ ಮಗ ಮೋಟರ್ ಶಾಫ್ಟಿನಿಂದ ಎನ್‌ಕೋಡರ್ ಕಪ್ಲಿಂಗ್‌ವರೆಗೆ ಮಾರ್ಕರ್ ಪೆನ್ನಿನಲ್ಲಿ ಒಂದು ಗೆರೆ ಎಳೆದು ಬಿಟ್ಟ. ಮಧ್ಯಾಹ್ನ ಕರೆದು, "ಮಾವ, ಗೆರೆ ಕೂಡುತ್ತಿಲ್ಲ ನೋಡಿ" ಎಂದ. ಎರಡು ರೂಪಾಯಿಯ ಗ್ರಬ್ ಸ್ಕ್ರೂ ಸಡಿಲ. ಶಾಫ್ಟಿಗೆ ಚಪ್ಪಟೆ ತಟ್ಟು ಮಾಡಿ, ಲಾಕ್‌ಟೈಟ್ ಹಾಕಿ ಬಿಗಿದ ಮೇಲೆ ಇಂದಿನವರೆಗೆ ಒಂದು ಮೈಕ್ರಾನ್ ಅಲುಗಿಲ್ಲ. ಅರ್ಥಿಂಗ್ ಗುಂಡಿಯ ಖರ್ಚು ದಂಡವಾಗಲಿಲ್ಲ ಎಂದು ಮನೆಯಲ್ಲಿ ಹೇಳಿದ್ದೇನೆ.

ಈಗ ಗಾಳಿಯ ವಿಷಯ. ಹೊಸ ಪವರ್‌ಪ್ಯಾಕ್‌ಗೆ 65 ಸಾವಿರ ಕೇಳಿದ್ದರು. ದಿನಕ್ಕೆ ಇಪ್ಪತ್ತು ಸಲ ಟೂಲ್ ಬಿಚ್ಚಲು ಒಂದು ಪಂಪು ಬೆಳಗಿನಿಂದ ಸಂಜೆಯವರೆಗೆ ಗೊರಗೊರ ಎನ್ನುತ್ತಿರಬೇಕೆಂಬುದು ನನಗೆ ಒಗ್ಗಲಿಲ್ಲ. ಶೆಡ್ಡಿನಲ್ಲಿ ಕಂಪ್ರೆಸರ್ ಹೇಗೂ ಇದೆ.

ಮೊದಲು ಡ್ರಾಬಾರ್, ಅಂದರೆ ಸ್ಪ್ರಿಂಗ್ ಬಲದಿಂದ ಹೋಲ್ಡರನ್ನು ಸ್ಪಿಂಡಲ್ ಒಳಕ್ಕೆ ಎಳೆದು ಹಿಡಿಯುವ ಸರಳು, ಹೊರಗೆ ತೆಗೆದೆ. ಅರವತ್ತಕ್ಕೂ ಹೆಚ್ಚು ಡಿಸ್ಕ್ ಸ್ಪ್ರಿಂಗ್‌ಗಳಲ್ಲಿ ಏಳು ಸೀಳಿದ್ದವು. ಅಗ್ಗಕ್ಕೆ ಸಿಕ್ಕವನ್ನು ಹಾಕಿದೆ. ಮೂರು ತಿಂಗಳಿಗೆ ಕುಸಿದು, ರಫಿಂಗ್ ಹೊಡೆಯುವಾಗ ಹೋಲ್ಡರ್ ಕೆಳಕ್ಕೆ ಜಗ್ಗಿ 80 ಮಿಮೀ ಕಟರ್ ಜಾಬಿನೊಳಗೆ ಕೂತಿತು. ಎರಡನೆಯ ಸಲ ಒಳ್ಳೆಯವನ್ನೇ ತಂದೆ. ಹಿಡಿತ ಎಷ್ಟಿದೆ ಎಂದು ಅಳೆಯುವ ಸಾಧನ ಕೊಳ್ಳಲು ಹೋದರೆ ಅದರ ಬೆಲೆಗೆ ಇನ್ನೊಂದು ಹಳೆಯ ಲೇತ್ ಬರುತ್ತಿತ್ತು. ಹಾಗಾಗಿ ಹಳೆಯ ಹೋಲ್ಡರ್ ಒಂದರೊಳಗೆ 50 ಮಿಮೀ ಪಿಸ್ಟನ್ ಕೂರಿಸಿ, ಗ್ರೀಸ್ ತುಂಬಿ, ಪ್ರೆಷರ್ ಗೇಜ್ ಸಿಕ್ಕಿಸಿದೆ. ಡ್ರಾಬಾರ್ ಹೋಲ್ಡರ್ ತುದಿಯ ಪುಲ್ ಸ್ಟಡ್ಡನ್ನು ಎಳೆದಷ್ಟೂ ಮುಳ್ಳು ಏರುತ್ತದೆ. ಗೇಜ್ 45 ಬಾರ್ ಹತ್ತಿರ ನಿಂತಿತು. ರಾಡಿನ ಜಾಗ ಕಳೆದು ಲೆಕ್ಕ ಹಾಕಿದರೆ 800 ಕೆಜಿಯ ಆಸುಪಾಸು. ಈ ಗೇಜನ್ನು ಈಗ ನಮ್ಮ ಸಾಲಿನ ಆರು ಶೆಡ್ಡುಗಳವರು ಎರವಲು ಒಯ್ಯುತ್ತಾರೆ. ಅದರ ಸೀಲು ಯಾವುದು ಎಂದು ಮಾತ್ರ ಯಾರಿಗೂ ಹೇಳಿಲ್ಲ.

ಹಿಡಿತ 800 ಇದ್ದರೆ ಪೂರ್ತಿ ಒತ್ತಿ ಬಿಚ್ಚಲು 1,100ರ ಹತ್ತಿರ ಬೇಕು. ಇದು ಗೊತ್ತಿದ್ದೂ ಮೊದಲು 125 ಮಿಮೀ ಬೋರಿನ ಒಂದೇ ಸಿಲಿಂಡರ್ ಹಾಕಿದೆ. ಆರು ಬಾರ್‌ಗೆ 740 ಕೆಜಿ, ಕಂಪ್ರೆಸರ್ ಇಳಿದ ಹೊತ್ತಿಗೆ ಇನ್ನೂ ಕಡಿಮೆ. ಸ್ಪ್ರಿಂಗ್ ಮೈ ಮುರಿದಂತೆ ಮಾಡಿ ಸುಮ್ಮನಾಗುತ್ತಿತ್ತು. ಹೋಲ್ಡರ್‌ಗೆ ಸುತ್ತಿಗೆಯಲ್ಲಿ ತಟ್ಟಬೇಕಿತ್ತು. "ಗಾಳಿಗೆ ಬಿಚ್ಚುವುದಿಲ್ಲ" ಎಂಬ ಮಾತು ಆಗ ಸಾಲಿನುದ್ದಕ್ಕೂ ಹಬ್ಬಿತು.

ಆಮೇಲೆ ಎರಡಕ್ಕೊಂದರ ಸನ್ನೆಕೋಲು ಮಾಡಿದೆ. ಬಲ ಬಂತು, ಬ್ರಾಕೆಟ್ ಬಾಗಿತು. ಅದಕ್ಕಿಂತ ದೊಡ್ಡ ಪೆಟ್ಟೆಂದರೆ ಅಷ್ಟೂ ಒತ್ತಡ ಸ್ಪಿಂಡಲ್ ಬೇರಿಂಗ್ ಮೇಲೆ ಬೀಳುತ್ತಿತ್ತು. ಆಗಷ್ಟೇ 55 ಸಾವಿರ ಕೊಟ್ಟು ಹಾಕಿಸಿದ ಬೇರಿಂಗ್. ಒಂದು ಸಂಜೆ ಕೈಯಲ್ಲಿ ತಿರುಗಿಸಿದಾಗ ಮರಳು ಸಿಕ್ಕಂತಾಗಿ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಅದು ಗ್ರೀಸಿನ ಗಂಟು.

ಮೂರನೆಯದು ಗೆದ್ದದ್ದು. 125 ಬೋರಿನ, ಒಳಮೈ ಹೋನ್ ಮಾಡಿ ನುಣುಪಾಗಿಸಿದ ಟ್ಯೂಬ್ ತಂದು ಒಂದೇ ರಾಡಿನ ಮೇಲೆ ಎರಡು ಪಿಸ್ಟನ್, ನಡುವೆ ಒಂದು ತಟ್ಟೆ. ರಾಡನ್ನೇ ಟೊಳ್ಳಾಗಿಸಿ ಎರಡನೆಯ ಕೋಣೆಗೆ ಅದರ ಮೂಲಕವೇ ಗಾಳಿ ಕೊಟ್ಟೆ. ಐದೂವರೆ ಬಾರ್‌ಗೇ 1,300 ಕೆಜಿ ದಾಟುತ್ತದೆ. ಇಡೀ ಸಿಲಿಂಡರ್ ನಾಲ್ಕು ಗೈಡ್ ಪಿನ್‌ಗಳ ಮೇಲೆ ತೇಲುತ್ತದೆ. ಪಿಸ್ಟನ್ ಡ್ರಾಬಾರ್ ಒತ್ತಿದಾಗ ಸಿಲಿಂಡರ್ ತಾನೇ ಮೇಲೇರಿ ಸ್ಪಿಂಡಲ್‌ನ ಮೇಲಿನ ರಿಂಗನ್ನು ಕೊಕ್ಕೆಯಿಂದ ಹಿಡಿದುಕೊಳ್ಳುತ್ತದೆ, ಬೇರಿಂಗ್‌ಗೆ ಹೊರೆ ಬೀಳುವುದಿಲ್ಲ. ಆ ಕೊಕ್ಕೆಯ ಆಕಾರ, ಎಷ್ಟು ಸಂದು ಬಿಡಬೇಕು ಎಂಬುದಕ್ಕೆ ಎರಡು ತಿಂಗಳು ತೆತ್ತಿದ್ದೇನೆ, ಇಲ್ಲಿ ಬರೆಯುವುದಿಲ್ಲ. ಶೆಡ್ಡಿಗೆ ಬಂದವರಿಗೆ ತೋರಿಸುತ್ತೇನೆ, ಮುಟ್ಟಲು ಬಿಡುತ್ತೇನೆ, ಫೋಟೊ ಬೇಡ. ಹಾಳಾದದ್ದೂ ಸೇರಿ ಸಿಲಿಂಡರ್‌ಗೆ 14 ಸಾವಿರ ಖರ್ಚು. ಸಿದ್ಧ ಸಿಲಿಂಡರ್‌ಗೆ 48 ಸಾವಿರ ಎಂದಿದ್ದರು.

ಗಾಳಿಯ ವಾಲ್ವ್ ಒಂದೇ ಕಾಯಿಲ್, ಸ್ಪ್ರಿಂಗ್‌ನಿಂದ ಹಿಂದಿರುಗುವ 5/2 (ಐದು ದ್ವಾರ, ಎರಡು ಸ್ಥಾನ). ಕರೆಂಟು ಹೋದರೆ ಟೂಲ್ ಹಿಡಿದೇ ಇರುತ್ತದೆ. ಸ್ಪಿಂಡಲ್ ನಿಂತಿದೆ ಎಂಬ ವಿಎಫ್‌ಡಿಯ ರಿಲೇಯನ್ನು ಕಾಯಿಲ್ ತಂತಿಗೇ ಸಾಲಾಗಿ ಕಟ್ಟಿದ್ದೇನೆ. ಈ ಒಂದು ವಿಷಯದಲ್ಲಿ ಸಾಫ್ಟ್‌ವೇರ್ ಮಾತು ನಾನು ಕೇಳುವುದಿಲ್ಲ. ಇಷ್ಟು ಜಾಣತನ ತೋರಿಸಿಯೂ ಪಿಸ್ಟನ್ ಮೇಲೆ ಬಂತೇ ಎಂದು ನೋಡುವ ಪ್ರಾಕ್ಸಿಮಿಟಿ ಸೆನ್ಸರನ್ನು ಒಂದು ದಿನ ಅವಸರಕ್ಕೆ ಬೈಪಾಸ್ ಮಾಡಿದೆ. ಎಕ್ಸಾಸ್ಟ್ ಮಫ್ಲರ್ ಕಟ್ಟಿಕೊಂಡು ಪಿಸ್ಟನ್ ಪೂರ್ತಿ ಏರಿರಲಿಲ್ಲ. 3,000 ಸುತ್ತಿನಲ್ಲಿ ಡ್ರಾಬಾರ್ ತಲೆ ಉಜ್ಜಿ ನೀಲಿಯಾಯಿತು. ಮುಟ್ಟಿ ನೋಡಿ ಕೈಯೂ ಸುಟ್ಟಿತು.

ಮಳೆಗಾಲದಲ್ಲಿ ನೀರಿನ ಕಾಟ. ಟೂಲ್ ಬದಲಿಸುವಾಗ ಹೋಲ್ಡರ್ ಕೂರುವ ಟೇಪರ್ ಚೊಕ್ಕಟವಾಗಲಿ ಎಂದು ಸ್ಪಿಂಡಲ್ ಮೂಲಕ ಗಾಳಿ ಊದುವ ವ್ಯವಸ್ಥೆ ಮಾಡಿದ್ದೆ. ಅದು ಊದಿದ್ದು ನೀರು. ಎರಡು ದಿನ ರಜೆ ಮುಗಿಸಿ ಬಂದರೆ ಟೇಪರ್‌ನಲ್ಲಿ ತುಕ್ಕಿನ ಚುಕ್ಕಿ. ಗಾಳಿ ಸೋಸುವ ಎಫ್‌ಆರ್‌ಎಲ್ ಒಂದನ್ನೇ ನಂಬಿ ಕೂತಿದ್ದೆ. ಈಗ ಕಂಪ್ರೆಸರ್‌ನಿಂದ ಟ್ಯಾಂಕಿಗೆ ಹೋಗುವ ಮೊದಲು ಗಾಳಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿದ ತಾಮ್ರದ ಸುರುಳಿಯಲ್ಲಿ ತಣಿಯುತ್ತದೆ. ಮೇಲಿನ ಪೈಪಿಗೆ ಇಳಿಜಾರು ಕೊಟ್ಟು, ಕವಲನ್ನು ಪೈಪಿನ ಬೆನ್ನಿನಿಂದ ಎತ್ತಿ ಇಳಿಸಿದ್ದೇನೆ. ತಂಗಿಯ ಮಗ ಬೆಳಗ್ಗೆ ಮೊದಲು ಡ್ರೈನ್ ಬಿಡುತ್ತಾನೆ, ಆಮೇಲೆ ಕಾಫಿ.

ಗಾಳಿ ಬಂತೆಂದು ಹುಚ್ಚು ಕೂಡ ಬಂತು. ತಣ್ಣನೆಯ ಗಾಳಿ ಊದುವ ವೋರ್ಟೆಕ್ಸ್ ಕೊಳವೆಯನ್ನು ಲೇತ್‌ನಲ್ಲೇ ಮಾಡಿದೆ. ತಣ್ಣಗೆ ಬಂತು, ನಿಜ. ಆದರೆ ಹತ್ತು ನಿಮಿಷಕ್ಕೆ ಕಂಪ್ರೆಸರ್ ಏದುಸಿರು ಬಿಟ್ಟಿತು. ಝಡ್ ಅಕ್ಷದ ಭಾರ ಸರಿದೂಗಿಸುವ ಎರಕದ ತೂಕವನ್ನು ತೆಗೆದು ಅದರ ಜಾಗದಲ್ಲಿ ಗಾಳಿಯ ಸಿಲಿಂಡರ್ ಹಾಕಿದೆ. ಏರಿಳಿದಂತೆ ಒತ್ತಡವೂ ಏರಿಳಿದು ಜಾಬಿನ ತಳದಲ್ಲಿ ಅಲೆಯಲೆ ಗೆರೆ ಬಿತ್ತು. ಒಂದು ಟ್ಯಾಂಕ್ ಸೇರಿಸಿದ್ದರೆ ಸರಿಹೋಗುತ್ತಿತ್ತೇನೋ, ಅಷ್ಟರಲ್ಲಿ ಜಾಬ್ ಅವಸರವಾಗಿ ಹಳೆಯ ತೂಕವನ್ನೇ ಚೈನಿಗೆ ನೇತುಹಾಕಿದೆ. ಅಡಿಕೆ ಗಾತ್ರದ ಶೀಶೆಯಿಂದ ಹನಿ ಎಣ್ಣೆ ಬೆರೆಸಿ ಊದುವ ಮಿಸ್ಟ್ ಮಾತ್ರ ಉಳಿಯಿತು. ಅಲ್ಯುಮಿನಿಯಂಗೆ ಬಲು ಚೆನ್ನ.

ಯಂತ್ರದ ಬೆಲೆ ಬಿಟ್ಟು ಖರ್ಚು ಮೂರೂವರೆ ಲಕ್ಷ, ಹೆಚ್ಚೆಂದರೆ 3.60. ಚೀಟಿಗಳೆಲ್ಲ ಸಿಗಲಿಲ್ಲ. ನಮ್ಮಿಬ್ಬರ ಕೂಲಿ ಇದರಲ್ಲಿಲ್ಲ. ಹೆಂಡತಿಯ ಲೆಕ್ಕದಲ್ಲಿ ಅದೂ ಇದೆ, ಆ ಮೊತ್ತ ನಾನು ಕೇಳುವುದಿಲ್ಲ. ವೈ ನಟ್ಟಿಗೆ ಶಿಮ್ ಗ್ರೈಂಡ್ ಮಾಡಿ ಹಾಕಿದ ಮೇಲೆ ಬ್ಯಾಕ್‌ಲ್ಯಾಶ್ (ದಿಕ್ಕು ಬದಲಿಸುವಾಗಿನ ಸಡಿಲ) 80 ಮೈಕ್ರಾನ್‌ನಿಂದ 15ಕ್ಕೆ ಇಳಿಯಿತು. 100 ಮಿಮೀ ವೃತ್ತ ಹೊಡೆದರೆ ಗುಂಡಗಿರುವುದರಲ್ಲಿ 15 ಮೈಕ್ರಾನ್ ವ್ಯತ್ಯಾಸ. ಝಡ್ ಟ್ಯೂನಿಂಗ್‌ನ ಅಂಕಿಗಳು ನನ್ನ ನೋಟ್‌ಬುಕ್ಕಿನಲ್ಲೇ ಇರಲಿ.

ಆಯುಧಪೂಜೆಗೆ ಬೂದುಗುಂಬಳ ಒಡೆದು ಮೊದಲ ದುಡಿಮೆಯ ಜಾಬ್ ಹಾಕಿದೆವು. ಪೂಜೆ ಮಾಡಿದ ಹುಡುಗ ಭಕ್ತಿಯಿಂದ ಸ್ಲೈಡ್ ಮೇಲೂ ಕುಂಕುಮ ಹಚ್ಚಿಬಿಟ್ಟಿದ್ದ. ಅದನ್ನು ಒರೆಸಲು ಅರ್ಧ ದಿನ ಹೋಯಿತು. ಈಗ ತಿಂಗಳಿಗೆ ಇನ್ನೂರರ ಮೇಲೆ ಫಿಕ್ಸ್ಚರ್ ಪ್ಲೇಟ್ ಹೋಗುತ್ತಿವೆ. ಬೆಳಗ್ಗೆ ಸ್ಪಿಂಡಲ್ ಬೆಚ್ಚಗಾಗುವವರೆಗೆ ಝಡ್ ಇಪ್ಪತ್ತು ಮೈಕ್ರಾನ್ ಇಳಿಯುವುದಂತೂ ನಿಂತಿಲ್ಲ, ಹಾಗಾಗಿ ಹದಿನೈದು ನಿಮಿಷ ಬರಿದೇ ತಿರುಗಿಸುತ್ತೇವೆ. ಗ್ರೈಂಡಿಂಗ್‌ನವರು ನಿನ್ನೆ ಮತ್ತೆ ಬಂದಿದ್ದರು. ಅವರ ಬಳಿಯೂ ಹಳೆಯದೊಂದು ಮಿಲ್ಲಿಂಗ್ ಟಾರ್ಪಾಲಿನ್ ಹೊದ್ದು ಮೂಲೆಯಲ್ಲಿ ಕೂತಿದೆಯಂತೆ, ಅದರ ಟೇಪರ್ ಇನ್ನೂ ದೊಡ್ಡದು, ಬಿಟಿ 50. ಅದಕ್ಕೆ ಪಿಸ್ಟನ್ ಎಷ್ಟು ಬೇಕಾಗುತ್ತದೆ ಎಂದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕುತ್ತಾ ಕೂತೆವು. ಮೂರಾದರೂ ಸಾಲದು ಅನಿಸುತ್ತಿದೆ.